ಗುರುತಿನ ಮುಖ

ಗುರುಪುತ್ರಪ್ಪ ಸಾಯುವಾಗ ಹೆಂಡತಿ ಕಾಶವ್ವ ಪಕ್ಕದಲ್ಲೇ ಇದ್ದಳು. ಅವನು ಹೇಗೆ ಸತ್ತ, ಕೊನೆಗೆ ಏನೆಂದ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಇದನ್ನು ಬೆಳಗಾವಿಯ ಟಿಳಕವಾಡಿಯ ಓಣಿಯಲ್ಲಿ ಯಾರು ನಂಬಬೇಕು? ಮಾತಾಡಿಸಲು ಬಂದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಕಿವಿಯನ್ನು ಮಾತ್ರ ಇತ್ತ ಕೊಟ್ಟಿರುತ್ತಿದ್ದರು.

"ಕಡೀಕ ಏನಂದ್ರವ್ವಾ ನಿಮ್ಮವರು? ಮಗಳ ಹೆಸರ ತಗದ್ರೇನು?"

"ನನಗೇನೂ ನೆನಪಿಲ್ರೀ."

"ಅಯ್ಯ ಶಿವನ, ಗಂಡ ಹೋಗೂದು ನೆನಪಿಲ್ಲಂದ್ರ ಹ್ಯಾಂಗ?"

ಹೊರಗೆ ಹೋಗಿ ಚಪ್ಪಲಿ ಮೆಟ್ಟುವಾಗ ಅವರು ಪಿಸುಗುಟ್ಟುವುದು ಕಾಶವ್ವನಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಆ ಹೆಂಗಸರನ್ನು ಬೈದು ಪ್ರಯೋಜನವಿಲ್ಲ. ಕೇಳಬಾರದ್ದನ್ನು ಕೇಳುವುದಕ್ಕೇ ಜನ ಸಾವಿನ ಮನೆಗೆ ಬರುತ್ತಾರೆ. ಆದರೆ ಅವರು ಹೋದ ಮೇಲೆ ಕಾಶವ್ವ ಅದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಇಪ್ಪತ್ತೈದು ವರ್ಷ ಬಾಳ್ವೆ ಮಾಡಿದ ಮನುಷ್ಯ ಕಣ್ಣೆದುರು ಜೀವ ಬಿಟ್ಟ. ಆ ಕಣ್ಣು ಏನನ್ನು ನೋಡುತ್ತಿತ್ತು?

ಅವಳಿಗೆ ನೆನಪಿದ್ದದ್ದು ಇಷ್ಟು. ಎಪ್ಪತ್ತೇಳರ ಬೇಸಿಗೆ. ಖಾನಾಪುರದಲ್ಲಿ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಮುಗಿಸಿಕೊಂಡು ಗಂಡ ಹೆಂಡತಿ ಬೆಳಗಾವಿಗೆ ಹೊರಟಿದ್ದರು. ಗಾಡಿ ತಡವಾಗಿತ್ತು. ಗುರುಪುತ್ರಪ್ಪನದು ಹಿಟ್ಟಿನ ಗಿರಣಿ. ದಿನವಿಡೀ ಹಿಟ್ಟಿನ ಧೂಳಿನಲ್ಲಿರುವವನಿಗೆ ಬೇರೆಯವರ ಧೂಳು ಕಂಡರೆ ಆಗುತ್ತಿರಲಿಲ್ಲ. ಹೆಗಲ ಮೇಲಿನ ಟಾವೆಲ್ಲಿನಿಂದ ಸ್ಟೇಶನ್ನಿನ ಬೆಂಚನ್ನು ಝಾಡಿಸಿ, "ಕುಂದರು" ಅಂದ. ಅವಳು ಕುಳಿತಳು. ಅಲ್ಲಿಗೆ ಮುಗಿಯಿತು. ಅದರ ಮುಂದಿನದು ದವಾಖಾನೆಯ ಸೂರು, ತಲೆದೆಸೆಯಲ್ಲಿ ಅಳುತ್ತ ನಿಂತ ಮಗಳು ಕಾಂತಾ, ಮತ್ತು ತನ್ನ ಬೋಳು ಕೊರಳು. ಅಷ್ಟರಲ್ಲಿ ಗಂಡನನ್ನು ಮಣ್ಣು ಮಾಡಿ ಆಗಿತ್ತು. ನಡುವೆ ಏನಿತ್ತು ಎಂದು ಹುಡುಕಹೋದರೆ ಕತ್ತಲೆಯೂ ಇರಲಿಲ್ಲ, ಅಲ್ಲಿ ಏನೂ ಇರಲಿಲ್ಲ.

ಉಳಿದದ್ದನ್ನು ಪೊಲೀಸರು ಜೋಡಿಸಿದರು. ಗುರುಪುತ್ರಪ್ಪನ ಧೋತರದ ಅಂಚಿನಲ್ಲಿ ಅರ್ಧ ಪೇಢೆ ಸಿಕ್ಕಿತ್ತು, ಅದಕ್ಕೆ ವಿಭೂತಿ ಮೆತ್ತಿಕೊಂಡಿತ್ತು. ಪರೀಕ್ಷೆ ಮಾಡಿದರೆ ಅದರಲ್ಲಿ ದತ್ತೂರಿ ಬೀಜ ಅರೆದು ಹಾಕಿದ್ದರು. ಯಾವನೋ ಸ್ಟೇಶನ್ನಿನಲ್ಲಿ ಮಠದ ಪ್ರಸಾದ ಎಂದು ಕೈಗೆ ಕೊಟ್ಟಿದ್ದಾನೆ. ಗುರುಪುತ್ರಪ್ಪ ಪ್ರಸಾದ ಬೇಡ ಎನ್ನುವ ಮನುಷ್ಯನಲ್ಲ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಿದ್ದಾನೆ, ಹೆಂಡತಿಗೂ ಕೊಟ್ಟಿದ್ದಾನೆ. ಗಾಡಿ ಹತ್ತುವ ಹೊತ್ತಿಗೆ ಇಬ್ಬರಿಗೂ ತಲೆಗೇರಿದೆ. ಬೆನ್ನು ಹತ್ತಿ ಬಂದವನು ಮೈಮೇಲಿನ ಬಂಗಾರ ಕಿತ್ತುಕೊಂಡು ಸುಳಿವಿಲ್ಲದೆ ಜಾರಿಕೊಂಡಿದ್ದಾನೆ.

ಬಂಗಾರ ಹೋದದ್ದು ಕಾಶವ್ವನನ್ನು ಅಷ್ಟಾಗಿ ಸುಡಲಿಲ್ಲ. ಗಂಡನ ಕೊರಳಿನ ಇಷ್ಟಲಿಂಗ, ಅದನ್ನಿಟ್ಟ ಬೆಳ್ಳಿಯ ಕರಡಿಗೆ ಸಮೇತ, ಹೋಗಿತ್ತು. ಹುಟ್ಟಿದಾಗ ಕಟ್ಟಿದ ಲಿಂಗ ಸತ್ತವನ ಅಂಗೈಯಲ್ಲಿ ಕುಳಿತು ಅವನ ಜೊತೆಗೇ ಮಣ್ಣಿಗೆ ಹೋಗಬೇಕು. ಸ್ವಾಮಿಗಳು ಬೇರೊಂದು ಲಿಂಗ ಇಟ್ಟು ಕ್ರಿಯೆ ಮುಗಿಸಿದ್ದರು. "ಹೆಣದ ಮೈಮ್ಯಾಗಿನ ಲಿಂಗ ಹರಕೊಂಡಾನಲ್ಲ, ಅಂವ ಮನುಷ್ಯಾನ ಅಲ್ಲ" ಎಂದು ಅವಳು ಮಗಳ ಮುಂದೆ ಹಲ್ಲು ಕಡಿದಳು. ಆ ಸಿಟ್ಟೊಂದೇ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದು.

ಒಂದು ವಾರದೊಳಗೆ ಪೊಲೀಸ್ ಫೌಜದಾರ ಮನೆಗೆ ಬಂದು ಮೇಜಿನ ಮೇಲೆ ಒಂದು ಕರವಸ್ತ್ರ ಬಿಚ್ಚಿದ. ಒಳಗೆ ಗುರುಪುತ್ರಪ್ಪನ ಕರಡಿಗೆ ಇತ್ತು.

"ಸಿಕ್ಕಾನ್ರಿ ಅವ್ವಾರ. ಭರಮಣ್ಣ ಅಂತ, ಖಾನಾಪುರ ಕಡೆಯಂವ, ಕುರುಬರಾಂವ. ಉದ್ಯಮಬಾಗದಾಗ ಫೌಂಡ್ರಿ ಕೆಲಸ. ಇದನ್ನ ಪಟಕಾದಾಗ ಸುತ್ತಿಕೊಂಡು ಅಡ್ಡಾಡತಿದ್ದ. ನಾಳೆ ಕಚೇರಿಗೆ ಬರ್ರಿ, ಸಾಲಿನಾಗ ಕುಂದರಸಿರತೀವಿ. ಮುಖ ನೋಡಿ ಗುರ್ತ ಹಿಡೀರಿ, ಸಾಕು."

"ನನಗ ಏನೂ ನೆನಪಿಲ್ಲಲ್ರೀ ಸಾಹೇಬ್ರ."

"ಮುಖ ಕಂಡ್ರ ನೆನಪಾಕ್ಕೈತಿ. ನೀವ ಬರ್ರಿ."

ಕಾಶವ್ವ ಮರುದಿನ ಕಾಂತಾಳ ಕೈಹಿಡಿದು ಕಚೇರಿಗೆ ಹೋದಳು. ಅಂಗಳದಲ್ಲಿ ಒಂದೇ ವಯಸ್ಸಿನ, ತಲೆಗೆ ಒಂದೇ ತರಹ ಪಟಕಾ ಸುತ್ತಿದ ಏಳೆಂಟು ಗಂಡಸರು ಸಾಲಾಗಿ ಕುಳಿತಿದ್ದರು. ಪೊಲೀಸರು ಯಾರೂ ಅವಳಿಗೆ ಕಣ್ಸನ್ನೆ ಮಾಡಲಿಲ್ಲ, ಯಾರೂ ಬೆರಳು ತೋರಿಸಲಿಲ್ಲ. ಆ ಮಟ್ಟಿಗೆ ಎಲ್ಲ ಕಾಯಿದೆಯಂತೆಯೇ ನಡೆಯಿತು. ಅವಳು ಒಂದು ತುದಿಯಿಂದ ನೋಡುತ್ತ ಬಂದಳು. ಮೊದಲನೆಯವನು ಯಾರೋ. ಎರಡನೆಯವನು ಯಾರೋ. ಸಂತೆಯಲ್ಲಿ ಎದುರಾಗಿ ಹೋಗುವ ಮುಖಗಳು. ನಡುವೆ ಒಂದು ಮುಖದ ಮುಂದೆ ಬಂದಾಗ ಎದೆ ಝಲ್ಲೆಂದಿತು. ಅಗಲವಾದ ಹಣೆ, ಹುಬ್ಬಿನ ನಡುವೆ ಒಂದು ಗಾಯದ ಕಲೆ. ಈ ಮುಖ ನನಗೆ ಗೊತ್ತು! ಬಹಳ ಹತ್ತಿರದಿಂದ ಗೊತ್ತು, ಉಸಿರು ತಾಗುವಷ್ಟು ಹತ್ತಿರದಿಂದ. ಕಾಂತಾಳ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಹೋದಳು.

"ಇಂವನ," ಅಂದಳು ಕೈಯೆತ್ತಿ. "ಇಂವನ ನನ್ನ ಗಂಡನ್ನ ಕೊಂದಾಂವ."

ಆ ಮನುಷ್ಯ ತಲೆಯೆತ್ತಿ ಅವಳನ್ನು ನೋಡಿದ. ಬಾಯಿ ಅರ್ಧ ತೆರೆದು ಹಾಗೆಯೇ ಉಳಿಯಿತು.

ಅವನು ಪೊಲೀಸರಿಗೆ ಹೇಳಿದ ಕಥೆ ಕಾಶವ್ವನ ಕಿವಿಗೂ ಬಿತ್ತು. ಎರಡನೇ ಪಾಳಿಗೆಂದು ಬೆಳಗಾವಿಗೆ ಮೊದಲಿನ ದೇಸೂರಿನಲ್ಲಿ ಗಾಡಿ ಹತ್ತಿದೆ, ಖಾಲಿ ಡಬ್ಬಿಯಲ್ಲಿ ಇಬ್ಬರು ಉರುಳಾಡುತ್ತಿದ್ದರು, ಬೆಳಗಾವಿಯಲ್ಲಿ ಹಮಾಲರನ್ನು ಕರೆದು ಇಬ್ಬರನ್ನೂ ದವಾಖಾನೆಗೆ ಹೊತ್ತು ಹಾಕಿದೆ. ಅಲ್ಲಿಯ ಆಳು ಯಜಮಾನರ ಅಂಗಿ ಬಿಚ್ಚುವಾಗ ಲಿಂಗದ ದಾರ ಕತ್ತರಿಸಿ ಕೆಳಗೆ ಒಗೆದ. ಲಿಂಗ ನೆಲಕ್ಕೆ ಬೀಳಬಾರದು ಅಂತ ಎತ್ತಿ ಪಟಕಾದಲ್ಲಿ ಇಟ್ಟುಕೊಂಡೆ, ಅವರ ಮನೆಯವರ ಕೈಗೆ ಕೊಡಬೇಕು ಅಂತ ಮತ್ತೆ ಹುಡುಕಿಕೊಂಡು ಹೋದಾಗ ಹಿಡಿದರು. "ದವಾಖಾನಿಯವರ ಕೈಯಾಗ ಯಾಕ ಕೊಡಲಿಲ್ಲಲೇ?" ಎಂದು ಫೌಜದಾರ ಕೇಳಿದ್ದಕ್ಕೆ, "ಲಿಂಗ ಕಟ್ಟಿದವರ ಕೈಯಾಗ ಕೊಡಬೇಕಲ್ರೀ" ಅಂದನಂತೆ. ಈ ಉತ್ತರ ಕೇಳಿ ಪೊಲೀಸ್ ಸ್ಟೇಶನ್ನಿನಲ್ಲಿ ಎಲ್ಲರೂ ನಕ್ಕರಂತೆ. ಲಿಂಗವಂತರ ಕೇರಿಯ ನೆರಳಲ್ಲಿ ಬೆಳೆದ ಕುರುಬನಿಗೆ ಆ ಅಳುಕು ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆಳ್ಳಿಯ ತೂಕ ಅದಕ್ಕಿಂತ ಹೆಚ್ಚು ಗೊತ್ತಿತ್ತು.

ಆ ಕಥೆ ಕಿವಿಗೆ ಬಿದ್ದವರಲ್ಲಿ ಒಬ್ಬರು ಮಾತ್ರ ನಗಲಿಲ್ಲ. ಕಾಶವ್ವನಿಗೆ ಔಷಧ ಕೊಟ್ಟು ಬದುಕಿಸಿದ್ದ ಡಾಕ್ಟರ್ ಬಾಳಾಸಾಹೇಬರು. ಅವಳಿಗೆ ಆಮೇಲೂ ತಲೆ ಭಾರ, ಮಾತಿನ ನಡುವೆ ಮಾತು ಮರೆಯುವುದು ನಡೆದೇ ಇತ್ತು. ಅವರು ಅವಳನ್ನು ಮಿರಜಿಗೆ ಕಳಿಸಿ ತಲೆಯ ತುಂಬ ತಂತಿ ಅಂಟಿಸುವ ಪರೀಕ್ಷೆ ಮಾಡಿಸಿದರು. ಮೆದುಳು ನಡೆಯುವ ರೀತಿಯನ್ನು ಯಂತ್ರ ಉದ್ದನೆಯ ಕಾಗದದ ಮೇಲೆ ಗೆರೆ ಗೆರೆಯಾಗಿ ಬರೆದಿತ್ತು. ಬಾಳಾಸಾಹೇಬರು ಅದನ್ನು ಮೇಜಿನ ಮೇಲೆ ಹಾಸಿದರು.

"ನೋಡವ್ವಾ, ಈಗ ಗೆರಿ ಛಲೋ ಅದಾವು. ಆದ್ರ ಅವತ್ತ ಇದೇ ಗೆರಿ ಸೋತು ಮಕ್ಕೊಂಡಿರತಾವು. ಕಣ್ಣು ನೋಡತಿರತೈತಿ, ಬಾಯಿ ಮಾತಾಡತಿರತೈತಿ, ಒಳಗ ಬರಕೊಳ್ಳಾಂವ ಮಾತ್ರ ಇರೂದಿಲ್ಲ."

"ನನಗ ಹುಚ್ಚ ಹಿಡದೈತಿ ಅಂತೀರೇನ್ರಿ?"

"ಅಲ್ಲವ್ವಾ. ಮುಖಾ ಗುರ್ತ ಹಿಡಿಯೂದು ಬ್ಯಾರೆ, ಆ ಮುಖಾ ಎಲ್ಲಿ ನೋಡಿದ್ದು, ಅಂವ ಏನ ಮಾಡಿದ ಅಂತ ನೆನಪಿರೂದು ಬ್ಯಾರೆ. ಈ ಇಷಾ ಎರಡನೇದನ್ನ ಪೂರಾ ತಿಂತೈತಿ, ಮೊದಲಿಂದನ್ನ ಒಂದೊಂದ ಸಲ ಚೂರು ಉಳಸತೈತಿ. ನೀ ಅವನ್ನ ನೋಡಿದ್ದು ಖರೇ ಇರಬೇಕು. ಆದ್ರ ಇಷಾ ಕೊಟ್ಟಾಂವ ಅಂತ ನೋಡಿದ್ಯೋ, ನೀರ ಕೊಟ್ಟಾಂವ ಅಂತ ನೋಡಿದ್ಯೋ?"

ಕಾಶವ್ವನಿಗೆ ಉರಿದುಹೋಯಿತು. ಗಂಡನನ್ನು ಕಳೆದುಕೊಂಡದ್ದು ತಾನು, ಎದೆ ಝಲ್ಲೆಂದದ್ದು ತನ್ನದು. ಅದರ ಅರ್ಥವನ್ನು ಕಾಗದದ ಗೆರೆ ಹೇಳಬೇಕೇ?

"ನೀರ ಕೊಟ್ಟವರನ್ನ ನೋಡಿ ಹಂಗ ಮೈ ನಡಗೂದಿಲ್ರೀ ಡಾಕ್ಟರ," ಎಂದು ಎದ್ದು ಬಂದಳು.

ಕೋರ್ಟಿನಲ್ಲಿ ಬಾಳಾಸಾಹೇಬರು ಇದೇ ಮಾತು ಹೇಳಿದರು. ಸರಕಾರಿ ವಕೀಲ ಅವರನ್ನು ಅರ್ಧ ಗಳಿಗೆಯಲ್ಲಿ ಕೂರಿಸಿದ. ಹಮಾಲರು ಕರೆದವನ ಮುಖ ನೆನಪಿಲ್ಲ ಅಂದರು, ದವಾಖಾನೆಯ ಆಳು ಲಿಂಗದ ದಾರ ಕತ್ತರಿಸಿಯೇ ಇಲ್ಲ ಅಂದ. ಕಾಶವ್ವನ ಸರದಿ ಬಂದಾಗ ಅವಳು ಇನ್ನೂ ಮುಂದೆ ಹೋದಳು. ಪೇಢೆ ಕೊಟ್ಟದ್ದು ಇವನೇ, ನೋಡಿದ್ದೇನೆ ಅಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಪೊಲೀಸರ ಬಾಯಿಂದ, ಮಗಳ ಬಾಯಿಂದ, ಓಣಿಯವರ ಬಾಯಿಂದ ಅಷ್ಟು ಸಲ ಕೇಳಿ ಕೇಳಿ, ವಿಭೂತಿ ಹಚ್ಚಿದ ಕೈಯೊಂದು ಪೇಢೆ ಚಾಚುವುದು ಅವಳ ಕಣ್ಣಿಗೇ ಕಟ್ಟಿತ್ತು. ಆ ಕೈಗೆ ಈ ಮುಖವನ್ನು ಅವಳ ಮನಸ್ಸೇ ಜೋಡಿಸಿತ್ತು.

ಭರಮಣ್ಣನನ್ನು ಸರಕಾರಿ ವಕೀಲ ಕೇಳಿದ: "ದೇಸೂರಿನಿಂದ ಬೆಳಗಾವಿತನಕ, ಕ್ರಾಸಿಂಗಿಗೆ ಅಂತ ಗಾಡಿ ನಿಂತದ್ದೂ ಸೇರಿ ಅಷ್ಟು ಹೊತ್ತು ಡಬ್ಬಿಯೊಳಗ ಏನ ಮಾಡಿದಿ? ಇವರು ಏನಂದ್ರು? ಇವರ ಯಜಮಾನರು ಏನಂದ್ರು? ಹೇಳು."

ಭರಮಣ್ಣ ಕಾಶವ್ವನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. "ಏನಿಲ್ರೀ. ನೀರ ಕುಡಿಸಿದೆ."

"ಅಷ್ಟ?"

"ಅಷ್ಟರೀ."

ಮುಚ್ಚಿಡುವುದೇನೋ ಇದೆ ಎಂಬುದು ಕುರುಡನಿಗೂ ಕಾಣುವಂತಿತ್ತು. ಅವನ ಪರ ನಿಂತ ವಕೀಲನೇ ಹಣೆ ಚಚ್ಚಿಕೊಂಡ. ಜೀವಾವಧಿ ಆಯಿತು. ಭರಮಣ್ಣನ ಹೆಂಡತಿ ಸಿದ್ದಕ್ಕ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಕಾಶವ್ವನಿಗೆ ಹಿಡಿ ಮಣ್ಣು ತೂರಿದಳು. ಆ ಮಣ್ಣು ಸೀರೆಯ ಮೇಲೆ ಬಿದ್ದಾಗಲೂ ಕಾಶವ್ವನಿಗೆ ನೋವಾಗಲಿಲ್ಲ. ಗಂಡನನ್ನು ಹೂಳಿದ ಜಾಗಕ್ಕೆ ಹೋಗಿ ಗದ್ದುಗೆಗೆ ಹೂವೇರಿಸಿ, ಕೋರ್ಟು ಮರಳಿ ಕೊಟ್ಟ ಕರಡಿಗೆಯನ್ನು ಅಲ್ಲಿಯೇ ಮಣ್ಣಲ್ಲಿ ಇಡಿಸಿ, ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದಳು.

ಐದಾರು ವರ್ಷ ಹಾಗೆಯೇ ಹೋಯಿತು. ಕಾಂತಾಳ ಮದುವೆಯಾಯಿತು, ಗಿರಣಿಯನ್ನು ಅಳಿಯ ನೋಡಿಕೊಂಡ. ಸಿಟ್ಟು ಆರಿದ ಮೇಲೆ ಹಳೆಯ ಪ್ರಶ್ನೆ ಮಾತ್ರ ಉಳಿಯಿತು. ಕಡೆಗೆ ಅವರು ಏನಂದರು? ನನ್ನ ಕೈ ಹಿಡಿದಿದ್ದರೇ? ಕೊಂದವನನ್ನು ಜೈಲಿಗೆ ಹಾಕಿಸಿದರೂ ಇದಕ್ಕೆ ಉತ್ತರ ಸಿಗಲಿಲ್ಲ. ಒಮ್ಮೊಮ್ಮೆ ಅಡಿಗೆ ಮನೆಯಲ್ಲಿ ಒಲೆಯ ಮುಂದೆ ಕುಳಿತು, ಅವರು ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದರು, ನಾನು ತಲೆ ಸವರುತ್ತಿದ್ದೆ, ಎಂದು ತಾನೇ ಕಟ್ಟಿಕೊಳ್ಳುತ್ತಿದ್ದಳು. ಅಷ್ಟಾದರೂ ಆಗಿರಲೇಬೇಕಲ್ಲ. ಹೆಂಡತಿಯಾಗಿ ಪಕ್ಕದಲ್ಲಿದ್ದಳಲ್ಲ.

ಎಂಬತ್ಮೂರರಲ್ಲಿ ಹೊಸ ಫೌಜದಾರನೊಬ್ಬ ಬಾಗಿಲಿಗೆ ಬಂದ. ಚಿಕ್ಕ ವಯಸ್ಸಿನವನು, ಹೇಳಲು ಮುಜುಗರಪಡುತ್ತಿದ್ದ. ಸೊಲ್ಲಾಪುರ ಕಡೆ ಒಂದು ಟೋಳಿ ಸಿಕ್ಕಿದೆ, ರೈಲಿನಲ್ಲಿ ಪ್ರಸಾದ ಕೊಟ್ಟು ದೋಚುವುದೇ ಅವರ ಕಸಬು, ಅವರ ಮುಖಂಡ ಖಾನಾಪುರ ಸ್ಟೇಶನ್ನಿನ ಗಿರಣಿಯವರ ಸಂಗತಿಯನ್ನೂ ಒಪ್ಪಿಕೊಂಡಿದ್ದಾನೆ ಎಂದ. ಕಿಸೆಯಿಂದ ಒಂದು ಫೋಟೊ ತೆಗೆದು ಕೊಟ್ಟ.

"ಇವನ್ನ ನೋಡಿದ್ರಿ ಏನವ್ವಾ?"

ಕಾಶವ್ವ ಬೆಳಕಿಗೆ ಹಿಡಿದು ನೋಡಿದಳು. ಎಣ್ಣೆ ಹಚ್ಚಿ ಬಾಚಿದ ಕೂದಲು, ಹಣೆಯಲ್ಲಿ ವಿಭೂತಿ. ನೋಡಿಯೇ ನೋಡಿದಳು. ಒಳಗೆ ಏನೂ ಅಲುಗಲಿಲ್ಲ. ಇವನ ಕೈಯಿಂದ ತಿಂದಿದ್ದಳು, ಇವನು ಅವಳ ಕೊರಳಿಗೆ ಕೈ ಹಾಕಿದ್ದ, ಆದರೂ ಇವನು ಎಂದೂ ಕಾಣದ ಮನುಷ್ಯ.

"ಇಂವ ಯಾರೋ ನನಗ ಗೊತ್ತಿಲ್ರೀ," ಅಂದಳು. ಫೋಟೊ ಹಿಂದಿರುಗಿಸಿದವಳು ಮತ್ತೆ ಇಸಿದುಕೊಂಡು ನೋಡಿದಳು.

ಭರಮಣ್ಣನನ್ನು ಹಿಂಡಲಗಿ ಜೈಲಿನಿಂದ ಬಿಡಿಸುವುದಕ್ಕೆ ಮತ್ತಷ್ಟು ತಿಂಗಳು ಹಿಡಿಯಿತು. ಕಾಶವ್ವ ಹೋಗಿ ತನ್ನ ಹೇಳಿಕೆ ತಪ್ಪೆಂದು ಬರೆಸಿಕೊಟ್ಟಳು. ಅಳಿಯ ಬೇಡವೆಂದ, ಕಾಂತಾ ಅತ್ತಳು. ಅವಳು ಯಾರ ಮಾತೂ ಕೇಳಲಿಲ್ಲ. ಅವನು ಬಿಡುಗಡೆಯಾದ ಸುದ್ದಿ ಬಂದ ಮೇಲೆ ಒಂದು ಬೆಳಿಗ್ಗೆ ಖಾನಾಪುರದ ಬಸ್ಸು ಹತ್ತಿ, ದೇಸೂರಿನಲ್ಲಿ ಇಳಿದು ಅವನ ಹಳ್ಳಿಗೆ ನಡೆದು ಹೋದಳು. ಕ್ಷಮೆ ಕೇಳಲು ಹೊರಟೆ ಎಂದುಕೊಂಡಿದ್ದಳು. ಅರ್ಧ ಅದೇ ನಿಜ. ಇನ್ನರ್ಧ ಬೇರೆ. ಅವನು ಹೇಳಿದ ಕಥೆ ಖರೇ ಎಂದಾದರೆ, ಆ ಡಬ್ಬಿಯೊಳಗೆ ಎಚ್ಚರವಿದ್ದವನು ಅವನೊಬ್ಬನೇ. ಅವಳ ಗಂಡನ ಕೊನೆಯ ಗಳಿಗೆ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಅದು ಅವನ ತಲೆಯೊಳಗೆ.

ಭರಮಣ್ಣ ಅಂಗಳದಲ್ಲಿ ಕುಳಿತು ಉಣ್ಣೆ ಹಿಂಜುತ್ತಿದ್ದ. ಫೌಂಡ್ರಿಯವರು ಮತ್ತೆ ತೆಗೆದುಕೊಂಡಿರಲಿಲ್ಲ. ತಲೆ ಪೂರ್ತಿ ನರೆತಿತ್ತು. ಜೈಲಿನಲ್ಲಿದ್ದಾಗಲೇ ಅವನ ತಾಯಿ ಕಾಡವ್ವ ತೀರಿಹೋಗಿದ್ದಳು, ಅವನನ್ನು ಮಣ್ಣಿಗೂ ಬಿಟ್ಟಿರಲಿಲ್ಲ. ಕಾಶವ್ವನನ್ನು ಕಂಡು ಅವನು ಎದ್ದು ನಿಂತ. ಅವಳು ಕಾಲಿಗೆ ಬೀಳಲು ಬಾಗಿದಳು, ಅವನು ಹಿಂದೆ ಸರಿದ.

"ಬ್ಯಾಡ್ರಿ ಅಕ್ಕಾರ, ಹಂಗ ಮಾಡಬ್ಯಾಡ್ರಿ."

ಸಿದ್ದಕ್ಕ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕುಂದರ್ರಿ ಎನ್ನಲಿಲ್ಲ.

"ತಪ್ಪಾತಪ್ಪಾ," ಅಂದಳು ಕಾಶವ್ವ. "ನನ್ನ ಕಣ್ಣ ನನಗ ಮೋಸ ಮಾಡ್ತು. ನಿನ್ನ ಮುಖಾ ನೋಡಿದ ಕೂಡಲೇ ನನ್ನ ಎದಿ ಒಡದಂಗಾತು, ಇಂವನ ಅಂದೆ. ಯಾಕ ಹಂಗಾತೋ ದೇವರಾಣಿ ನನಗ ಇವತ್ತಿಗೂ ತಿಳದಿಲ್ಲ."

"ಹೋಗ್ಲಿ ಬಿಡ್ರಿ. ಆಗೂದು ಆತು."

"ಒಂದು ಹೇಳು. ಅವರು ಹ್ಯಾಂಗ ಹ್ವಾದ್ರು? ಕಡೀಕ ಏನಂದ್ರು?"

ಭರಮಣ್ಣ ಕೈಯಲ್ಲಿದ್ದ ಉಣ್ಣೆಯನ್ನು ನೋಡುತ್ತ ನಿಂತ. "ಏನಿಲ್ರೀ. ಮಕ್ಕೊಂಡಂಗ ಹ್ವಾದ್ರು. ನೀವು ಬಾಜೂಕ ಇದ್ರಿ."

"ಸುಳ್ಳ ಹೇಳಬ್ಯಾಡ!" ಸಿದ್ದಕ್ಕ ಬಾಗಿಲಿನಿಂದಲೇ ಚೀರಿದಳು. "ಇನ್ನೂ ಅಕಿ ಮಾನ ಕಾಯಾಕ ಹೊಂಟೀಯೇನು? ಕೋರ್ಟಿನಾಗ ಬಾಯಿ ಮುಚ್ಚಿಕೊಂಡು ಜೈಲಿಗೆ ಹ್ವಾದಿ. ನಿನ್ನ ಅವ್ವ ನಿನ್ನ ಹೆಸರ ಹಿಡಕೊಂಡು ಸತ್ತಳು. ಈಗರೆ ಹೇಳು. ಕೇಳಾಕ ಬಂದಾಳಲ್ಲ, ಕೇಳಲಿ."

"ಸಿದ್ದೀ, ಒಳಗ ಹೋಗು."

"ನಾ ಹೋಗಂಗಿಲ್ಲ."

"ಹೇಳಪ್ಪಾ," ಅಂದಳು ಕಾಶವ್ವ. "ಏನಿದ್ರೂ ಹೇಳು. ನಾ ಬೇಡಿಕೊಳ್ತೀನಿ."

ಭರಮಣ್ಣ ನೆಲ ನೋಡುತ್ತ ಹೇಳಿದ. ನಿಧಾನವಾಗಿ, ಒಂದೊಂದೇ ಮಾತನ್ನು ಎಳೆದು ತೆಗೆದಂತೆ ಹೇಳಿದ.

"ನಾ ಡಬ್ಬಿ ಹತ್ತಿದಾಗ ನೀವು ಬಾಕಿನ ಮ್ಯಾಲ ಕುಂತು ನಗಾಕತ್ತಿದ್ರಿ. ಯಜಮಾನರು ಕೆಳಗ ಬಿದ್ದಿದ್ರು. ನನ್ನ ನೋಡಿದ ಕೂಡಲೇ ಎದ್ದು ಬಂದ್ರಿ. 'ಎಲ್ಲಿ ಹೋಗಿದ್ರಿ, ನಾ ಹೆದರಿದ್ದೆ' ಅಂತ ನನ್ನ ಕೊರಳಿಗೆ ಬಿದ್ರಿ. ನಾನ ನಿಮ್ಮ ಯಜಮಾನ ಅಂತ ತಿಳಕೊಂಡಿದ್ರಿ. ನಾ ಬಿಡಿಸಿಕೊಳ್ಳಾಕ ಬಂದ್ರ ಬಿಡಲಿಲ್ಲ. ನನ್ನ ಮುಖಾ ಎರಡೂ ಕೈಲೆ ಹಿಡಕೊಂಡು, ಇಲ್ಲೆ, ಹಿಂಗ, ಸವರತಿದ್ರಿ. ಕೋರ್ಟಿನಾಗ ಇದನ್ನ ಹ್ಯಾಂಗ ಹೇಳಲಿ, ಅಕ್ಕಾರ? ಗಂಡ ಸಾಯೂ ಹೊತ್ತಿನಾಗ ಲಿಂಗವಂತರ ಹೆಣ್ಣಮಗಳು ಪರಗಂಡಸಿನ ಕೊರಳಾಗ ಇದ್ಲು ಅಂತ ಊರ ತುಂಬ ಆಗತಿತ್ತು."

ಕಾಶವ್ವ ಕೇಳಿದಳು: "ಅವರು?"

"ಅವರಿಗೆ ಎಚ್ಚರ ಇತ್ರಿ. ನಿಮಗಿಂತ ಜಾಸ್ತಿ ಇತ್ತು. ಎಲ್ಲಾ ನೋಡಾಕತ್ತಿದ್ರು. ನಿಮ್ಮ ಸೀರಿ ಅಂಚ ಹಿಡದು 'ಕಾಶೀ, ಕಾಶೀ' ಅಂತ ಕರದ್ರು. ಗಾಡಿ ನಿಂತಾಗ ಭಾಳ ಹೊತ್ತು ಕರದ್ರು."

"ನಾ ಏನಂದೆ?"

ಅವನು ಕೈಯಲ್ಲಿದ್ದ ಉಣ್ಣೆಯನ್ನು ಕೆಳಗಿಟ್ಟ. ಸಿದ್ದಕ್ಕ ಸೊಂಟದ ಮೇಲಿನ ಕೈ ಇಳಿಸಿದಳು.

"ನಾ ಏನಂದೆ, ಹೇಳು!"

"ಕಾಲಿಲೆ ಅವರ ಕೈ ಸರಿಸಿದ್ರಿ. 'ಯಾವನೋ ಕುಡದು ಬಿದ್ದಾನ, ಲಕ್ಷ್ಯ ಕೊಡಬ್ಯಾಡ್ರಿ, ನಮ್ಮನಿಗೆ ಹೋಗೂಣು ನಡೀರಿ' ಅಂತ ನನ್ನ ಎಳದ್ರಿ. ಆಮ್ಯಾಲ ಅವರು ಕರೀಲಿಲ್ಲ."

ಕಾಶವ್ವ ಆ ಗಳಿಗೆಯನ್ನು ತನ್ನೊಳಗೆ ಹುಡುಕಿದಳು. ಗಂಡನ ದನಿ, ಸೀರೆಯ ಅಂಚಿನ ಎಳೆತ, ಕಾಲಿಗೆ ತಾಗಿದ ಕೈ, ಏನಾದರೂ ಒಂದು. ಏನೂ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಅವಳು ಕತ್ತೆತ್ತಿ ಎದುರಿಗಿದ್ದ ಮುಖವನ್ನು ನೋಡಿದಳು. ಎದೆ ಮತ್ತೆ ಝಲ್ಲೆಂದಿತು, ಕಚೇರಿಯ ಅಂಗಳದಲ್ಲಿ ಆದಂತೆಯೇ. ಅದು ಭಯವಲ್ಲ, ಅವತ್ತೂ ಭಯವಾಗಿರಲಿಲ್ಲ. ಜಾತ್ರೆಯ ಗದ್ದಲದಲ್ಲಿ ಕೈ ತಪ್ಪಿದ ಗಂಡ ಎದುರಿಗೆ ಸಿಕ್ಕಾಗ ಹೆಂಗಸಿನ ಎದೆ ಹಾರುವುದು ಹೀಗೆಯೇ. ಸಾಲಿನಲ್ಲಿ ಕುಳಿತವರ ನಡುವೆ ಅವಳು ಗುರುತು ಹಿಡಿದದ್ದು ಗಂಡನನ್ನು. ಹಿಡಿದು, ಇವನೇ ನನ್ನ ಗಂಡನನ್ನು ಕೊಂದವನು ಅಂದಿದ್ದಳು.

ಸಿದ್ದಕ್ಕ ಒಂದು ಮಣೆ ತಂದು ಅಂಗಳದಲ್ಲಿ ಹಾಕಿದಳು. ಕಾಶವ್ವ ಕೂರಲಿಲ್ಲ. ಆ ಮುಖದಿಂದ ಕಣ್ಣು ಕೀಳುವುದಕ್ಕೂ ಅವಳಿಂದ ಆಗಲಿಲ್ಲ.